ಎಂಬತ್ತು ಸಾವಿರದ ರಿವಾಲ್ವರ್: ಯಂತ್ರಪುರದಿಂದ ದಾವಣಗೆರೆ ಪೇಟೆಗೆ

ರಿವಾಲ್ವರ್ ಇದ್ದು ಲೈಸೆನ್ಸ್ ಇಲ್ಲದವರ ಸುದ್ದಿ ಪೇಪರಿನಲ್ಲಿ ಬರುತ್ತದೆ. ನಮ್ಮ ಭಾವನದು ಉಲ್ಟಾ. ಲೈಸೆನ್ಸ್ ಇತ್ತು, ರಿವಾಲ್ವರ್ ಇರಲಿಲ್ಲ. ಮಲೆಬೆನ್ನೂರು ಕಡೆ ಭತ್ತದ ವ್ಯಾಪಾರ ಅವರದು. ಭದ್ರಾ ನಾಲೆಯ ಕೊನೆಯ ಹಳ್ಳಿಗಳವರೆಗೆ ಹೋಗಿ ಕಣದಲ್ಲೇ ರಾಶಿ ತೂಗಿಸಿ ದುಡ್ಡು ಎಣಿಸುವ ಪದ್ಧತಿ ಇನ್ನೂ ಬಿಟ್ಟಿಲ್ಲ. ಕೆಲವು ವರ್ಷದ ಹಿಂದೆ ಒಂದು ರಾತ್ರಿ ಇಬ್ಬರು ಬೈಕಿನಲ್ಲಿ ಬೆನ್ನು ಹತ್ತಿ ಬಂದದ್ದಕ್ಕೆ ಠಾಣೆಯಲ್ಲಿ ದೂರು ಕೊಟ್ಟಿದ್ದರು. ಅದೇ ದೂರಿನ ಪ್ರತಿ ಇಟ್ಟು ಅರ್ಜಿ ಹಾಕಿ, ಓಡಾಡಿ ಓಡಾಡಿ, ಅಂತೂ ಲೈಸೆನ್ಸ್ ಕೈಗೆ ಬಂತು.

"ಎಂಬತ್ತು ಸಾವಿರ ತೆಗೆದಿಟ್ಟೀನಿ. ಅದರ ಮ್ಯಾಲೆ ಒಂದು ಪೈಸೆ ಇಲ್ಲ. ನೀನು ಬರೆಯೋನು, ನಾಕು ಪುಸ್ತಕ ನೋಡಿರ್ತಿ. ಬಾ ಜೊತೀಗೆ" ಅಂತ ಫೋನು ಮಾಡಿದರು.

ಪುಸ್ತಕ ನೋಡಿದವನಿಗಿಂತ ಕಬ್ಬಿಣ ನೋಡಿದವರು ಬೇಕು ಅನ್ನಿಸಿ ನಾನು ಹೆಸರಿಸಿದ್ದು ಹರಿಹರದ ಕಾಕಾರನ್ನು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತುಗಳು ದೇಶವೆಲ್ಲ ತಿರುಗಿದವು. ಅದಿದ್ದ ಜಾಗಕ್ಕೆ ಯಂತ್ರಪುರ ಅಂತಲೇ ಹೆಸರು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಹೆಸರು ಉಳಿಯಿತು. ಕಾಕಾರ ಕಣ್ಣು, ಬೆರಳು ಕೂಡ ಉಳಿದಿವೆ. ರಿವಾಲ್ವರ್ ಅಂದರೆ ಕೊನೆಗೂ ಒಂದು ಸಿಲಿಂಡರು, ಒಂದು ನಳಿಗೆ, ಎರಡೂ ಒಂದೇ ನೇರಕ್ಕೆ ನಿಲ್ಲಬೇಕು, ಅಷ್ಟೇ ಎಂದು ನಾನು ಫೋನಿನಲ್ಲಿ ಹೇಳಿದಾಗ ಅವರು "ಅಷ್ಟೇ ಅನ್ನಬ್ಯಾಡ, ಅದೇ ಕಷ್ಟ" ಅಂದಿದ್ದರು.

ಹರಿಹರಕ್ಕೆ ಹೋದವರು ದೇವಸ್ಥಾನಕ್ಕೆ ಹೋಗದೆ ಬರುವಂತಿಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಬಲಗಡೆ ಶಿವ, ಎಡಗಡೆ ವಿಷ್ಣು, ಒಂದೇ ಮೈ. ಒಂದು ಕಡೆ ತ್ರಿಶೂಲ, ಇನ್ನೊಂದು ಕಡೆ ಚಕ್ರ. ಭಾವ ಕೈಮುಗಿದು ನಿಂತಾಗ ನನಗೆ ಬೇಡದ ಯೋಚನೆ ಬಂತು: 2019ರ ತಿದ್ದುಪಡಿಯಾದ ಮೇಲೆ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು. ಹರಿಹರೇಶ್ವರ ಲೆಕ್ಕದೊಳಗೇ ಇದ್ದಾನೆ.

ಯಂತ್ರಪುರದ ತಿರುವಿನಲ್ಲಿ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಜೇಬಿನಲ್ಲಿ ಕನ್ನಡಕ, ಒಂದು ಫೀಲರ್ ಗೇಜು. ಅಲ್ಲಿಂದ ದಾವಣಗೆರೆ 14 ಕಿಲೋಮೀಟರು. ದಾರಿಯಲ್ಲಿ ಭಾವ ತಮ್ಮ ಕನಸು ಬಿಚ್ಚಿದರು. ಸಿನಿಮಾದಲ್ಲಿ ಪೊಲೀಸರು ಹಿಡಿಯುವಂಥದ್ದು, .38, ಬೇಕಂತೆ. ಅದು ಆಗದ ಮಾತು. .38, .455, 9 ಎಂಎಂ ಇವೆಲ್ಲ ನಿಷಿದ್ಧ ಬೋರು. ಜಿಲ್ಲೆಯಲ್ಲಿ ಸಿಗುವ ಮಾಮೂಲಿ ಲೈಸೆನ್ಸಿಗೆ ಅವು ಸೇರುವುದಿಲ್ಲ. ನಮ್ಮಂಥವರಿಗೆ ರಿವಾಲ್ವರ್ ಅಂದರೆ .32, ಇಲ್ಲವೇ .22. ಅರ್ಧ ಆಯ್ಕೆ ಇಲ್ಲೇ ಮುಗಿಯಿತು. ದುಡ್ಡು ಕಡಿಮೆ ಇರುವವನಿಗೆ ಕಾನೂನು ಮಾಡುವ ಉಪಕಾರ ಇದು. ತಲೆ ಕೆಡಿಸಿಕೊಳ್ಳಲು ಜಾಸ್ತಿ ಜಾಗ ಕೊಡುವುದಿಲ್ಲ.

ಮೊದಲು ಹೋದದ್ದು ಅಂಗಡಿಗಲ್ಲ, ಕರೂರು ಕೈಗಾರಿಕಾ ಪ್ರದೇಶದ ಜಿಲ್ಲಾಡಳಿತ ಭವನಕ್ಕೆ. ಬೆಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಪೊಲೀಸ್ ಕಮಿಷನರು ಬಂದೂಕಿನ ಲೈಸೆನ್ಸ್ ಕೊಡುತ್ತಾರೆ. ದಾವಣಗೆರೆಯಲ್ಲಿ ಕಮಿಷನರೇಟ್ ಇಲ್ಲ, ಆದ್ದರಿಂದ ಜಿಲ್ಲಾಧಿಕಾರಿಗಳೇ. 1997ರ ಆಗಸ್ಟ್ 15ಕ್ಕೆ ಈ ಜಿಲ್ಲೆ ಹುಟ್ಟುವ ಮೊದಲು ಇಂಥ ಕೆಲಸಕ್ಕೆ ದಾವಣಗೆರೆ, ಹರಿಹರದವರು ಚಿತ್ರದುರ್ಗಕ್ಕೆ ಹೋಗಬೇಕಿತ್ತು. ಭಾವನಿಗೆ ಇಲ್ಲಿ ಎರಡು ವಿಷಯ ಖಾತ್ರಿ ಮಾಡಿಕೊಳ್ಳಬೇಕಿತ್ತು. ಲೈಸೆನ್ಸ್ ಎಲ್ಲೆಲ್ಲಿಗೆ ಅನ್ವಯಿಸುತ್ತದೆ, ಜಿಲ್ಲೆಗೋ ರಾಜ್ಯಕ್ಕೋ ಇಡೀ ದೇಶಕ್ಕೋ ಎಂಬುದು ಒಂದು. ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಸಂಖ್ಯೆ ಅದರ ಮೇಲೆ ಬಿದ್ದಿದೆಯೇ ಎಂಬುದು ಇನ್ನೊಂದು. ಆ ಸಂಖ್ಯೆ ಇಲ್ಲದ ಹಳೆಯ ಪುಸ್ತಕಗಳಿಗೆ ಈಗ ಬೆಲೆಯಿಲ್ಲ. ಎರಡೂ ಸರಿಯಿದ್ದವು.

ಅಲ್ಲಿನ ಉದ್ದ ಬೆಂಚಿನಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ರಿವಾಲ್ವರಿನವರಲ್ಲ. ಬೆಳೆ ರಕ್ಷಣೆಯ ಬಂದೂಕಿನವರು. ಕಾಡುಹಂದಿ ಕಾಟಕ್ಕೆ ತಾತನ ಕಾಲದಿಂದ ಇಟ್ಟುಕೊಂಡ ಒಂಟಿ ನಳಿಗೆಯ ಕೋವಿ, ಅದರ ನವೀಕರಣ. ಹೊನ್ನಾಳಿ ಕಡೆಯ ಹಿರಿಯರೊಬ್ಬರು ನಮ್ಮ ಕತೆ ಕೇಳಿ, "ರಿವಾಲ್ವರು ಮನುಷ್ಯರಿಗಪ್ಪಾ. ಹಂದಿ ಮನುಷ್ಯರಷ್ಟು ಹತ್ರ ಬರಲ್ಲ" ಅಂದರು. ಮುಂದಿನ ಎರಡು ಗಂಟೆ ಅಂಗಡಿಯಲ್ಲಿ ಕೇಳಿದ್ದೆಲ್ಲದರ ಸಾರ ಆ ಒಂದು ಮಾತಿನಲ್ಲಿತ್ತು. ರಿವಾಲ್ವರ್ ಹತ್ತಿರದ ಆಯುಧ. ನಾಲ್ಕಾರು ಮಾರು ದೂರದೊಳಗಿನ ಮಾತು.

ಪೇಟೆಗೆ ಬಂದಾಗ ಹನ್ನೊಂದೂವರೆ. ಹಳೇ ಪಿ.ಬಿ. ರಸ್ತೆ ಬಿಟ್ಟು ಒಳಗೆ ಹೊಕ್ಕರೆ ದಾವಣಗೆರೆ ಇನ್ನೂ ಮಂಡಿಗಳ ಊರೇ. ಮಂಡಕ್ಕಿ ಮೂಟೆ, ಮೆಣಸಿನಕಾಯಿ ಘಾಟು, ಜವಳಿ ಅಂಗಡಿಗಳ ಬಿಳಿ ಗಾದಿ. ಬಂದೂಕಿನ ಅಂಗಡಿ ಹೇಗಿರಬಹುದು ಅಂತ ಭಾವ ಏನೇನೋ ಕಲ್ಪಿಸಿಕೊಂಡಿದ್ದರು. ಒಳಗೆ ಹೋದರೆ ಹಳೇ ಗಡಿಯಾರದ ಅಂಗಡಿಯ ಹಾಗೆ. ಕಬ್ಬಿಣದ ಜಾಲರಿ, ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಜೋಡಿ ನಳಿಗೆಗಳು, ದಪ್ಪ ದಫ್ತರ, ಊದಿನಕಡ್ಡಿ. ಮಾಲೀಕರು ಮೊದಲು ನೋಡಿದ್ದು ಲೈಸೆನ್ಸ್, ಆಮೇಲೆ ಮುಖ.

"ಎಷ್ಟರೊಳಗೆ ಬೇಕು ಯಜಮಾನ್ರೇ?"

"ಎಂಬತ್ತು."

ಅವರು ನಗಲಿಲ್ಲ, ಅದೇ ದೊಡ್ಡದು. ಒಂದು ಹಾಳೆ ತೆಗೆದು ಲೆಕ್ಕ ಬರೆದು ತೋರಿಸಿದರು. ರಿವಾಲ್ವರ್ ಮತ್ತು ಪಿಸ್ತೂಲಿಗೆ ಜಿಎಸ್‌ಟಿ ಮೊದಲು ನೂರಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ಲಕ್ಷ ರೂಪಾಯಿಯ ಮಾಲಿಗೆ ನಲವತ್ತು ಸಾವಿರ ತೆರಿಗೆ. ಸರ್ಕಾರದ ಕಣ್ಣಲ್ಲಿ ಇದು ಖಾಸಗಿ ವಿಮಾನ, ವಿಲಾಸಿ ದೋಣಿಗಳ ಸಾಲಿನ ವಸ್ತು. ನಾಲೆ ಏರಿಯ ಮೇಲೆ ಬೈಕಿನಲ್ಲಿ ಓಡಾಡುವ ಭತ್ತದ ವ್ಯಾಪಾರಿ ಆ ಸಾಲಿನಲ್ಲಿ ನಿಂತದ್ದು ಕಂಡು ನನಗೆ ನಗು ಬಂತು, ಭಾವನಿಗೆ ಬರಲಿಲ್ಲ.

ಇನ್ನು ಹೊಸದರಲ್ಲಿ ಏನೇನಿದೆ? ಹೆಸರುಗಳು ಮಾತ್ರ ಚೆಂದ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ, ಮಹಿಳೆಯರಿಗೆಂದು ಹೇಳಿ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರ ಜನವರಿಯಲ್ಲಿ ತಂದದ್ದು ನಿರ್ಭೀಕ್. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, .32 ಬೋರು, ಆರು ಗುಂಡು. ಆಗಲೇ ಬೆಲೆ 1,22,360 ರೂಪಾಯಿ. ಯಾವ ಊರಿನ ಯಾವ ಹೆಣ್ಣುಮಗಳಿಗೆ ಆ ದುಡ್ಡು ಕೈಯಲ್ಲಿತ್ತೋ ನಾನರಿಯೆ. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯ ನಿಡರ್ ಇನ್ನೂ ಹಗುರ. 250 ಗ್ರಾಂ, .22 ಬೋರು, ಎಂಟು ಗುಂಡು. ಬಂದಾಗ 35 ಸಾವಿರದ ಆಸುಪಾಸು. 2023ರ ಆಗಸ್ಟಿನಲ್ಲಿ ಬಂದದ್ದು ಪ್ರಬಲ್. ಅದರ ಸಿಲಿಂಡರು ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಳೆಯವುಗಳ ಹಾಗೆ ನಡು ಮುರಿದು ಬಗ್ಗುವುದಿಲ್ಲ. ಆ ಹೊತ್ತಿಗೆ, ಈ ಸರ್ಕಾರಿ ಕಾರ್ಖಾನೆಗಳನ್ನು ನಡೆಸುತ್ತಿದ್ದ ಶಸ್ತ್ರಾಸ್ತ್ರ ಕಾರ್ಖಾನೆಗಳ ಮಂಡಳಿಯೇ ಇರಲಿಲ್ಲ. 2021ರ ಅಕ್ಟೋಬರಿನಲ್ಲಿ ಅದನ್ನು ಏಳು ಕಂಪನಿಗಳಾಗಿ ಒಡೆದಿದ್ದರು. ಕಾನ್ಪುರದ ಬಂದೂಕುಗಳು ಅಡ್ವಾನ್ಸ್‌ಡ್ ವೆಪನ್ಸ್ ಎಂಬ ಕಂಪನಿಗೆ ಸೇರಿದವು. ಖಾಸಗಿಯವರೂ ಈಗ ಕಣಕ್ಕಿಳಿದಿದ್ದಾರೆ.

ಭಾವನ ಕಣ್ಣು ನಿಡರ್ ಮೇಲೆ ನಿಂತಿತು. ತೆರಿಗೆ ಸೇರಿಸಿದರೂ ಕೈಗೆಟುಕುವ ಹಾಗೆ ಕಾಣುತ್ತದೆ, ಜೇಬಿನಲ್ಲಿ ಭಾರವಿಲ್ಲ. ಕಾಕಾರು ಒಂದೇ ಮಾತು ಕೇಳಿದರು: "ಎರಡೂವರೆ ನೂರು ಗ್ರಾಮು ಅಂದ್ರ ಕಾಲು ಕಿಲೋ ಬೆಣ್ಣಿ. ಸಿಡಿದಾಗ ಅದು ಎಲ್ಲಿ ನಿಲ್ತೈತಿ?" ಮಾಲೀಕರು ತಲೆಯಾಡಿಸಿದರು. ಹಗುರ ಆಯುಧ ಹೊತ್ತುಕೊಂಡು ತಿರುಗಲು ಸುಖ, ಹಿಡಿದು ಹೊಡೆಯಲು ಸುಖವಲ್ಲ. ಚಿಕ್ಕ ನಳಿಗೆ, ಚಿಕ್ಕ ಹಿಡಿ, ಒದೆತ ಮಣಿಕಟ್ಟಿಗೆ. .22ರ ಒದೆತ ಕಡಿಮೆ ನಿಜ, ಆದರೆ ಅದರ ಗುಂಡಿನ ಪೆಟ್ಟೂ ಕಡಿಮೆ. ಅಗ್ಗ ಅನ್ನುವುದಕ್ಕೇ ಅದನ್ನು ತೆಗೆದುಕೊಂಡರೆ, ಬೇಕಾದದ್ದು ಬಿಟ್ಟು ಸಿಕ್ಕಿದ್ದು ತಂದ ಹಾಗೆ.

ಡಲ್ಲಾಸಿನಲ್ಲಿರುವ ನಮ್ಮ ಸಂಬಂಧಿಯೊಬ್ಬ ಈ ಕತೆ ಕೇಳಿ ವಾಟ್ಸಾಪಿನಲ್ಲಿ ನಕ್ಕಿದ್ದ. ಅಲ್ಲಿ ಮಧ್ಯಾಹ್ನ ಅಂಗಡಿಗೆ ಹೋದರೆ ಸಂಜೆಗೆ ಮನೆಯಲ್ಲಿ ರಿವಾಲ್ವರ್. ನಮ್ಮಲ್ಲಿ 1980ರ ದಶಕದ ನಡುವೆ ಸಾಮಾನ್ಯರಿಗೆ ಆಮದು ನಿಂತಿತು. ಅದಕ್ಕೇ ಬರ್ಮಿಂಗ್‌ಹ್ಯಾಮಿನ ಹಳೇ ವೆಬ್ಲಿ, ಅಮೆರಿಕದ ಸ್ಮಿತ್ ಅಂಡ್ ವೆಸನ್ ಇಲ್ಲಿ ಅಜ್ಜನ ಚಿನ್ನದ ಹಾಗೆ, ವಯಸ್ಸಾದಷ್ಟೂ ಬೆಲೆ ಏರುತ್ತದೆ. ಇವೆರಡರ ಮಾತು ಎಂಬತ್ತು ಸಾವಿರದವರು ಎತ್ತಲೇಬಾರದು. ಮಾಲೀಕರೂ ಎತ್ತಲಿಲ್ಲ.

ಎತ್ತಿದ್ದು ಬೇರೆಯದು. ಒಳಗಿನ ತಿಜೋರಿಯಿಂದ ಬಟ್ಟೆ ಸುತ್ತಿದ ಒಂದು ಗಂಟು ತಂದು ಮೇಜಿನ ಮೇಲೆ ಬಿಚ್ಚಿದರು. ಕಾನ್ಪುರದ .32. ಸರ್ಕಾರಿ ಕಾರ್ಖಾನೆ 1990ರ ದಶಕದಲ್ಲಿ ಶುರು ಮಾಡಿದ ಮಾಮೂಲಿ ರಿವಾಲ್ವರ್. ಹಳೇ ವೆಬ್ಲಿಯ ಯಂತ್ರವನ್ನೇ ಸಣ್ಣ ಬೋರಿಗೆ ಇಳಿಸಿದ್ದು. ಆರು ಗುಂಡು, ಕೀಲು ಬಿಚ್ಚಿದರೆ ನಡು ಬಾಗಿ ಖಾಲಿ ತೋಟಾಗಳನ್ನು ತಾನೇ ಹೊರಗೆ ನೂಕುತ್ತದೆ. ವಿದ್ಯಾನಗರದ ಒಬ್ಬ ನಿವೃತ್ತ ಅಧಿಕಾರಿಯದಂತೆ. 1998ರಲ್ಲಿ ಕೊಂಡದ್ದು. ಅವರ ವಯಸ್ಸು ಎಪ್ಪತ್ತೈದು ದಾಟಿದೆ. 2016ರ ನಿಯಮದ ಪ್ರಕಾರ ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ, ಇಲ್ಲವೇ ಆಯುಧ ಇಪ್ಪತ್ತೈದು ವರ್ಷ ಅವನ ಬಳಿ ಇದ್ದರೆ, ಬದುಕಿರುವಾಗಲೇ ಮಗ, ಮಗಳು, ಸೊಸೆ, ಅಳಿಯನ ಹೆಸರಿಗೆ ಕೊಡಿಸಬಹುದು. ಇದಕ್ಕಿಂತ ಅಗ್ಗದ ರಿವಾಲ್ವರ್ ಲೋಕದಲ್ಲಿಲ್ಲ, ಅರ್ಜಿಯ ಶುಲ್ಕ ಮಾತ್ರ. ಆದರೆ ಆ ಹಿರಿಯರ ಮಕ್ಕಳು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ, ಯಾರಿಗೂ ಬೇಡವಂತೆ. ಅಂಗಡಿಯಲ್ಲಿ ಠೇವಣಿ ಇಟ್ಟು ಬಾಡಿಗೆ ಕಟ್ಟುವುದು ಸಾಕಾಗಿ ಮಾರಾಟಕ್ಕೆ ಹೇಳಿದ್ದರು.

ಆಮೇಲಿನ ಅರ್ಧ ಗಂಟೆ ಕಾಕಾರದು. ಮಾಲೀಕರು ಮೊದಲು ಕೀಲು ಬಿಚ್ಚಿ ಆರು ಮನೆಯೂ ಖಾಲಿ ಎಂದು ತೋರಿಸಿದರು. ಕಾಕಾ ಮತ್ತೆ ತಾವೇ ಒಂದೊಂದಾಗಿ ಎಣಿಸಿದರು. "ಇನ್ನೊಬ್ಬರು ನೋಡಿದ್ದು ನಾವು ನೋಡಿದಂಗಲ್ಲ" ಅಂದರು. ಬಿಳಿ ಕಾಗದದ ಚೂರೊಂದನ್ನು ಹಿಂಭಾಗಕ್ಕೆ ಹಿಡಿದು ಬೆಳಕು ಬೀಳಿಸಿ ನಳಿಗೆಯೊಳಗೆ ಕಣ್ಣಿಟ್ಟರು. ಸುರುಳಿ ಗೀರುಗಳ ಅಂಚು ಚೂಪಾಗಿದ್ದವು, ತುಕ್ಕಿನ ಕುಳಿ ಇರಲಿಲ್ಲ. ಜಾಸ್ತಿ ಹೊಡೆದ ಆಯುಧವಲ್ಲ. ಆಮೇಲೆ ಮುಚ್ಚಿ, ನಡುವಿನ ಕೀಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿದರು. ಈ ಜಾತಿಯ ರಿವಾಲ್ವರಿನ ಸೊಂಟ ಅದೇ. ಸಿನಿಮಾದವರ ಹಾಗೆ ಒಂದೇ ಕೈಯಲ್ಲಿ ಜಾಡಿಸಿ ತೆರೆದು ಜಾಡಿಸಿ ಮುಚ್ಚಿದರೆ ಸೊಂಟ ಸಡಿಲ. ಇದರದು ಗಟ್ಟಿ ಇತ್ತು.

ಮುಖ್ಯವಾದದ್ದು ಇನ್ನೂ ಮುಂದೆ. ಕುದುರೆ ಎತ್ತಿ ನಿಲ್ಲಿಸಿ, ಸಿಲಿಂಡರನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಆರು ಸಲ, ಆರು ಮನೆಗೂ. ಐದು ಅಲ್ಲಾಡಲಿಲ್ಲ. ಆರನೆಯದು ಕೂದಲೆಳೆ ಅಲ್ಲಾಡಿತು. ಫೀಲರ್ ಗೇಜಿನ ತೆಳು ಎಲೆಯನ್ನು ಸಿಲಿಂಡರು, ನಳಿಗೆಯ ನಡುವಿನ ಸಂದಿಗೆ ಇಟ್ಟು, ತೆಗೆದು, ಇನ್ನೊಂದು ಎಲೆ ಇಟ್ಟರು. ಆ ಸಂದಿ ಹೆಚ್ಚಾದರೆ ಹೊಗೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಸಿಲಿಂಡರ್ ಸರಿಯಾಗಿ ನಿಲ್ಲದಿದ್ದರೆ ಗುಂಡು ನಳಿಗೆಯ ಅಂಚು ಸವರಿಕೊಂಡು ಹೋಗುತ್ತದೆ. "ಲೇತಿನಾಗ ಚಕ್ ಸಡಿಲಿದ್ರ ಜಾಬ್ ಕೆಡ್ತೈತಿ. ಇಲ್ಲಿ ಜಾಬ್ ನಿನ್ನ ಕೈ" ಎಂದು ಭಾವನಿಗೆ ಹೇಳಿದರು. ಕೊನೆಗೆ ಚೌಕಟ್ಟು, ನಳಿಗೆಯ ಮೇಲಿನ ನಂಬರನ್ನು ಲೈಸೆನ್ಸಿನ ಪ್ರತಿಯಲ್ಲಿದ್ದ ನಂಬರಿಗೆ ಅಕ್ಷರ ಬಿಡದೆ ತಾಳೆ ನೋಡಿದರು.

ಭಾವನಿಗೆ ಇದ್ಯಾವುದೂ ಕಾಣಲಿಲ್ಲ. ಅವರಿಗೆ ಕಂಡದ್ದು ಹಿಡಿಯ ಮೇಲಿನ ಒಂದು ಗೀರು, ಅಲ್ಲಲ್ಲಿ ಮಾಸಿದ ಕಪ್ಪು ಬಣ್ಣ. "ಪಾಲಿಶ್ ಹಾಕಿಸಬಹುದೇನು?" ಅಂದರು. ಕಾಕಾ ಸಿಟ್ಟಾದರು. ಕಡಿಮೆ ದುಡ್ಡಿನವರು ಮಾಡುವ ತಪ್ಪು ಇದೇ ಇರಬೇಕು. ಬಣ್ಣ ನೋಡಿ ಬಿಗಿ ಬಿಡುವುದು. ಎತ್ತು ಕೊಳ್ಳುವಾಗ ಹಲ್ಲು, ಗೊರಸು ನೋಡುವ ಭಾವ, ಇಲ್ಲಿ ಮಾತ್ರ ಕೋಡಿನ ಬಣ್ಣ ನೋಡುತ್ತಿದ್ದರು. ಆರನೇ ಮನೆಯ ಸಡಿಲವನ್ನು ಯಂತ್ರಪುರದಲ್ಲೇ ಸರಿ ಮಾಡಬಹುದಾ ಎಂದು ನಾನು ಕೇಳಿದೆ. ಕಾಕಾ ಎರಡೂ ಕೈ ಎತ್ತಿದರು. ಅವರಿಗೆ ಬಾರದ ಕೆಲಸವಲ್ಲ, ಕಾನೂನು ಬಿಡದ ಕೆಲಸ. ಬಂದೂಕಿಗೆ ಅರ ಹಾಕಬೇಕಾದರೂ ರಿಪೇರಿಯ ಲೈಸೆನ್ಸ್ ಇರುವವರೇ ಹಾಕಬೇಕು. ಕೆಲವೂರುಗಳಲ್ಲಿ ಲೇತಿನ ಮೇಲೆ ಕಳ್ಳ ಪಿಸ್ತೂಲು ಮಾಡಿದವರ ಸುದ್ದಿ ಬಂದಾಗಲೆಲ್ಲ ತಮ್ಮ ಕಸುಬಿಗೇ ಮಸಿ ಬಳಿದ ಹಾಗಾಗುತ್ತದೆ ಅನ್ನುವುದು ಅವರ ಸಂಕಟ. ಅಂಥ ಮಾಲು ತಯಾರಿಸಿದರೆ, ಮಾರಿದರೆ ಈಗ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ.

ಚೌಕಾಸಿ ಎಪ್ಪತ್ತೆರಡಕ್ಕೆ ಶುರುವಾಗಿ ಅರವತ್ತೆಂಟಕ್ಕೆ ನಿಂತಿತು. ಲೈಸೆನ್ಸುದಾರರಿಂದ ಲೈಸೆನ್ಸುದಾರರಿಗೆ ನೇರ ಕೈ ಬದಲಾಗುವುದರಿಂದ ಆ ನಲವತ್ತರ ತೆರಿಗೆಯಿಲ್ಲ. ಉಳಿದ ಹನ್ನೆರಡು ಸಾವಿರದಲ್ಲಿ ಭಾವ ಏನು ಮಾಡಬೇಕು ಎಂಬುದರ ಬಗ್ಗೆ ಅಂಗಡಿಯವರು, ಕಾಕಾ, ನಾನು ಮೂವರೂ ಒಂದೇ ಮಾತು ಹೇಳಿದೆವು ಅನ್ನುವುದು ಅಪರೂಪ. ಮನೆಯಲ್ಲಿ ಗೋಡೆಗೆ ಬಿಗಿದ ಬೀಗದ ಪೆಟ್ಟಿಗೆ, ಮೊಮ್ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ. ಹಳೆಯ ತೋಟಾ ಒಂದೂ ಬೇಡ, ಹೊಸದು. ಪುಣೆಯ ಖಡಕಿ ಕಾರ್ಖಾನೆಯ .32 ತೋಟಾ ಒಂದಕ್ಕೆ ಕೊಡುವ ದುಡ್ಡಿನಲ್ಲಿ ಇಲ್ಲಿ ಬೆಣ್ಣೆದೋಸೆ ತಿಂದು ಚಿಲ್ಲರೆ ವಾಪಸು ಪಡೆಯಬಹುದು. ಹಾಗಂತ ತೋಟಾ ಉಳಿಸಲು ಹೋಗಿ ಅಭ್ಯಾಸ ಬಿಟ್ಟರೆ, ಆರು ತಿಂಗಳಿಗೆ ಆಯುಧ ಕಾಗದ ಹಾರದಂತೆ ಇಡುವ ಕಲ್ಲಾಗುತ್ತದೆ. ಪೊಲೀಸ್ ಇಲಾಖೆ ಜಿಲ್ಲೆಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೆಸರು ಕೊಡಿ ಎಂದರು ಮಾಲೀಕರು.

ಮಧ್ಯಾಹ್ನ ದೋಸೆ ತಿನ್ನುವಾಗ ನಾನು ಭಾವನಿಗೆ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. ಕಣದಲ್ಲಿ ಕೊಡುವ ದುಡ್ಡನ್ನು ರೈತರ ಖಾತೆಗೆ ಹಾಕಿದರೆ ಇದ್ಯಾವುದೂ ಬೇಡವಲ್ಲ? ಅವರು ಚಟ್ನಿ ಕಡೆ ನೋಡಿಕೊಂಡು, "ಖಾತೀಗೆ ಹಾಕಿದ್ರ ಬ್ಯಾಂಕಿನೋರು ಹಳೇ ಸಾಲಕ್ಕ ಮುರ್ಕೊಂತಾರ ಅಂತ ರೈತ್ರು ಒಪ್ಪಲ್ಲ" ಅಂದರು. ಇದು ನಿಜ, ಅರ್ಧ ನಿಜ. ಉಳಿದರ್ಧ ಅವರ ಮುಖದಲ್ಲಿತ್ತು. ಸೊಂಟದಲ್ಲಿ ರಿವಾಲ್ವರ್ ಇರುವ ಸಾಹುಕಾರ ಅನ್ನಿಸಿಕೊಳ್ಳುವ ಆಸೆ ನಮ್ಮ ಕಡೆ ಹೊಸದಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಒಂದು ಗುಂಡು ಹಾರಿಸಿ ಎಂದು ಹುರಿದುಂಬಿಸುವವರೂ ಇದ್ದಾರೆ. 2019ರ ತಿದ್ದುಪಡಿಯಲ್ಲಿ ಅದಕ್ಕೂ ಪ್ರತ್ಯೇಕ ಶಿಕ್ಷೆ ಬಂದಿದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಭಾವನ ರಿವಾಲ್ವರಿನ ಬೆಲೆಗಿಂತ ಆ ದಂಡವೇ ಹೆಚ್ಚು.

ಇನ್ನೊಂದು ಖರ್ಚು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಚುನಾವಣೆ. ನೀತಿ ಸಂಹಿತೆ ಬಂದರೆ ಆಯುಧವನ್ನು ಠಾಣೆಗೋ ಅಂಗಡಿಗೋ ಒಪ್ಪಿಸಲು ಆದೇಶ ಬರುತ್ತದೆ. 2024ರಲ್ಲಿ ಲೋಕಸಭೆಗೆ ದಾವಣಗೆರೆಯಲ್ಲಿ ಮತ ಬಿದ್ದದ್ದು ಮೇ 7ಕ್ಕೆ. ಸಂಹಿತೆ ಜಾರಿಯಲ್ಲಿದ್ದದ್ದು ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ. ಬೇಸಿಗೆ ಭತ್ತದ ಸುಗ್ಗಿಯೂ ಅದೇ ಹೊತ್ತಿಗೆ. ಅಂದರೆ ಭಾವ ದುಡ್ಡು ಹೊತ್ತು ತಿರುಗುವ ದಿನಗಳಲ್ಲೇ ಆಯುಧ ಠಾಣೆಯ ಕಪಾಟಿನಲ್ಲಿರುತ್ತದೆ.

ಅಷ್ಟಾದರೂ ಭಾವ ಹಿಂದೆ ಸರಿಯಲಿಲ್ಲ. ಮತ್ತೆ ಅಂಗಡಿಗೆ ಹೋದೆವು. ಆದರೆ ರಿವಾಲ್ವರ್ ಆ ದಿನ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಮಾರುವವರು ಮೊದಲು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಇಂಥ ಆಯುಧವನ್ನು ಇಂಥವರಿಗೆ ಕೊಡುತ್ತಿದ್ದೇನೆ ಎಂದು ಬರೆದು ತಿಳಿಸಬೇಕು. ತಿಳಿಸಿ 45 ದಿನ ಕಳೆಯಬೇಕು. ಮುಂಗಡ ಕೊಡಲು ಹೋದರೆ ಮಾಲೀಕರು, "ಪತ್ರಕ್ಕೆ ಠಾಣೆ ಸೀಲು ಬೀಳಲಿ, ಆಮೇಲೆ ಮಾತು" ಎಂದು ವಾಪಸು ಕಳಿಸಿದರು. ಆರನೇ ಮನೆಯ ಸಡಿಲವನ್ನು ಲೈಸೆನ್ಸ್ ಇರುವ ರಿಪೇರಿಯವರ ಬಳಿ ಸರಿ ಮಾಡಿಸಿಯೇ ಕೊಡಬೇಕೆಂದು ಕಾಕಾರು ಒಂದು ಚೀಟಿಯಲ್ಲಿ ಬರೆಸಿಕೊಂಡರು.

ಎಂಬತ್ತು ಸಾವಿರದೊಳಗೆ ಆಗಬೇಕೆಂದರೆ ನನ್ನ ತೀರ್ಮಾನವೂ ಇದೇ: ಕಾನ್ಪುರದ ಹಳೇ .32, ಕಡಿಮೆ ಹೊಡೆದದ್ದು, ಸೊಂಟ ಗಟ್ಟಿ, ಆರೂ ಮನೆ ಬಿಗಿ, ನಂಬರು ತಾಳೆ. ಇದರಲ್ಲಿ ಒಂದು ತಪ್ಪಿದರೂ ಬೇಡ. ಅದಕ್ಕೂ ಮೊದಲು ನಿಮ್ಮ ತಂದೆಯವರೋ ಮಾವನವರೋ ಯಾವ ಅಂಗಡಿಯಲ್ಲಾದರೂ ಆಯುಧ ಠೇವಣಿ ಇಟ್ಟಿದ್ದಾರಾ ಎಂದು ಮನೆಯ ಕಪಾಟಿನ ಹಳೇ ಕಾಗದ ಒಮ್ಮೆ ತಿರುವಿ ನೋಡಿ.

ಸಂಜೆ ಯಂತ್ರಪುರದ ತಿರುವಿನಲ್ಲಿ ಕಾಕಾ ಇಳಿದರು. ಭಾವ ಎಂಬತ್ತು ಸಾವಿರ ಹಾಗೆಯೇ ಹೊತ್ತುಕೊಂಡು, ಬರಿಗೈಯಲ್ಲಿ, ಮಲೆಬೆನ್ನೂರು ದಾರಿ ಹಿಡಿದರು. 45 ದಿನದ ಲೆಕ್ಕ ಮರುದಿನ ಠಾಣೆಯ ಸೀಲು ಬಿದ್ದ ಮೇಲೆ ಶುರುವಾಗಿದೆ.